ಮನೆಗೆ ಕಟ್ಟಿದ ಬೆಲೆ

1965ರ ಸೆಪ್ಟೆಂಬರ್ 9ರ ರಾತ್ರಿ ಬೆಟ್ಸಿ ಎಂಬ ಚಂಡಮಾರುತ ಅಮೆರಿಕದ ಲೂಯಿಸಿಯಾನಾ ತೀರಕ್ಕೆ ಬಡಿಯಿತು. ನ್ಯೂ ಆರ್ಲಿಯನ್ಸ್ ನಗರದ ಇಂಡಸ್ಟ್ರಿಯಲ್ ಕಾಲುವೆಯ ಒಡ್ಡು ಒಡೆದು, ಅದರ ಪಕ್ಕದ ಲೋಯರ್ ನೈಂತ್ ವಾರ್ಡ್ ಎಂಬ ಬಡಾವಣೆಗೆ ನೀರು ನುಗ್ಗಿತು. ಕತ್ತಲಲ್ಲಿ ಜನ ಮಾಡು ಹತ್ತಿ ಕುಳಿತರು. ಸೆನೆಟರ್ ರಸೆಲ್ ಲಾಂಗ್ ವಾಷಿಂಗ್ಟನ್ನಿಗೆ ಫೋನು ಮಾಡಿ, ನೀವೇ ಬರಬೇಕೆಂದು ಅಧ್ಯಕ್ಷ ಲಿಂಡನ್ ಜಾನ್ಸನ್‌ರಿಗೆ ಗಂಟುಬಿದ್ದರು. ಮರುದಿನವೇ ಜಾನ್ಸನ್ ಬಂದಿಳಿದರು. ನಿರಾಶ್ರಿತರು ತುಂಬಿದ್ದ ಶಾಲೆಯೊಂದರಲ್ಲಿ ಕರೆಂಟು ಇರಲಿಲ್ಲ. ಬಂದವರು ಯಾರೆಂದು ಜನಕ್ಕೆ ತಿಳಿಯಲೆಂದು ಜೊತೆಯವರು ಅಧ್ಯಕ್ಷರ ಮುಖಕ್ಕೆ ಟಾರ್ಚು ಹಿಡಿದರು.

ಆ ಭೇಟಿಯ ಫಲ ಆ ವರ್ಷದ ನವೆಂಬರಿನಲ್ಲಿ ಕಾಯ್ದೆಯಾಗಿ ಹೊರಬಂತು. ಮನೆ ರಿಪೇರಿಗೆಂದು ಸರ್ಕಾರದಿಂದ ಪಡೆದ ಸಾಲದಲ್ಲಿ ಮೊದಲ 500 ಡಾಲರ್ ಬಿಟ್ಟು ಅದರ ಮೇಲಿನ 1,800 ಡಾಲರ್‌ವರೆಗೆ ಮನ್ನಾ ಎಂದಿತು ಕಾಯ್ದೆ. ಇವತ್ತಿಗೆ ಸಣ್ಣ ಮೊತ್ತ. ಆದರೆ ಗಾಳಿಗೆ, ನೀರಿಗೆ ಹೋದ ಖಾಸಗಿ ಮನೆಯ ಖರ್ಚಿನಲ್ಲಿ ಒಂದು ಪಾಲನ್ನು ದೇಶ ಹೊರಬೇಕು ಎಂಬುದನ್ನು ಆ ಕಾಯ್ದೆ ಒಪ್ಪಿತು. ಪ್ರವಾಹಕ್ಕೆ ವಿಮೆ ಮಾಡಿಸಲು ಸಾಧ್ಯವೇ ಎಂದು ಅಧ್ಯಯನ ಮಾಡಿ ಎಂದೂ ಅದೇ ಕಾಯ್ದೆ ಹೇಳಿತ್ತು. 1968ರ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ ಹುಟ್ಟಿದ್ದು ಆ ಅಧ್ಯಯನದಿಂದ. ವಿಮೆ ಬಂದರೆ ಸರ್ಕಾರ ಪ್ರತಿ ಸಲ ಕೈಬಿಚ್ಚಿ ಹಣ ಕೊಡುವ ಪ್ರಮೇಯ ಇರುವುದಿಲ್ಲ ಎಂಬುದು ಆಗಿನ ಲೆಕ್ಕ.

ನಲವತ್ತು ವರ್ಷದ ನಂತರ, 2005ರ ಆಗಸ್ಟ್ 29ರ ಬೆಳಿಗ್ಗೆ, ಕತ್ರೀನಾ ಚಂಡಮಾರುತ ಬಂದಾಗ ಅದೇ ಇಂಡಸ್ಟ್ರಿಯಲ್ ಕಾಲುವೆ ಅದೇ ಬಡಾವಣೆಯ ಮೇಲೆ ಒಡೆಯಿತು. ಈ ಸಲ 17ನೇ ಬೀದಿಯ ಕಾಲುವೆ, ಲಂಡನ್ ಅವೆನ್ಯೂ ಕಾಲುವೆಗಳ ಗೋಡೆಗಳೂ ಕುಸಿದವು. ನಗರದ ಶೇ 80ರಷ್ಟು ಭಾಗದಲ್ಲಿ ನೀರು ನಿಂತಿತು, ವಾರಗಟ್ಟಲೆ ನಿಂತಿತು. ಪಂಪು ಹಾಕಿ ನೀರು ಹೊರಹಾಕುತ್ತಿರುವಾಗಲೇ ಸೆಪ್ಟೆಂಬರ್ 24ರಂದು ರೀಟಾ ಎಂಬ ಇನ್ನೊಂದು ಚಂಡಮಾರುತ ಬಂದು ರಾಜ್ಯದ ಪಶ್ಚಿಮ ತೀರವನ್ನು ಬಳಿದುಹಾಕಿತು. ಲೂಯಿಸಿಯಾನಾದಲ್ಲಿ ಮಾಲೀಕರೇ ವಾಸವಿದ್ದ ಮನೆಗಳ ಪೈಕಿ ಭಾರಿ ಹಾನಿಗೆ ಸಿಕ್ಕವು ಸುಮಾರು 1,23,000 ಎಂದು ಅಂದಾಜಾಯಿತು.

ಮರದ ಚೌಕಟ್ಟು, ಒಳಗೆ ಜಿಪ್ಸಮ್ ಹಲಗೆಯ ಗೋಡೆ ಇರುವ ಮನೆಯಲ್ಲಿ ಮೂರು ವಾರ ಉಪ್ಪುನೀರು ನಿಂತರೆ ಬೂಷ್ಟು ಛಾವಣಿಯವರೆಗೂ ಏರುತ್ತದೆ. ನೆಲ, ಗೋಡೆ, ವೈರಿಂಗು, ಅಟ್ಟದ ಪಟ್ಟಿ, ಫ್ರಿಜ್ಜು ಎಲ್ಲ ಬೀದಿಗೆ ಬರಬೇಕು. ಉಳಿಯುವುದು ಬರಿಯ ಚೌಕಟ್ಟು. ಇಂಥ ಮನೆ ಎಬ್ಬಿಸಲು ಆಗ ಇದ್ದ ದಾರಿಗಳು ಮೂರು. ಮೊದಲನೆಯದು ವಿಮೆ. ಬೀಸಿದ್ದು ಗಾಳಿಯೋ ನುಗ್ಗಿದ್ದು ನೀರೋ ಎಂದು ಕಂಪನಿಗಳು ವಾದ ತೆಗೆದವು. ಸಾಮಾನ್ಯ ಗೃಹವಿಮೆ ನೀರಿಗೆ ಅನ್ವಯಿಸುವುದಿಲ್ಲ. ಎರಡನೆಯದು ಫೀಮಾ, ಅಂದರೆ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ. ಒಂದು ಕುಟುಂಬಕ್ಕೆ ಅದು ಆ ವರ್ಷ ಕೊಡಬಹುದಾಗಿದ್ದ ಗರಿಷ್ಠ ಮೊತ್ತ 26,200 ಡಾಲರ್. ಬಾಡಿಗೆಗೂ ಪಾತ್ರೆಪಡಗಕ್ಕೂ ಅದರಲ್ಲೇ ಆಗಬೇಕು. ಮೂರನೆಯದು ಸಣ್ಣ ಉದ್ದಿಮೆ ಇಲಾಖೆಯ ಕಡಿಮೆ ಬಡ್ಡಿಯ ಸಾಲ. ಹೆಸರಿಗೆ ಉದ್ದಿಮೆಯ ಇಲಾಖೆಯಾದರೂ ಮನೆ ರಿಪೇರಿಗೆ 2 ಲಕ್ಷ ಡಾಲರ್‌ವರೆಗೆ ಸಾಲ ಆಗ ಕೊಡುತ್ತಿದ್ದುದು ಅದೇ. ತೀರಿಸುವ ಶಕ್ತಿ ಇದೆಯೇ ಎಂದು ನೋಡಿಯೇ ಕೊಡುತ್ತಿದ್ದರಿಂದ ಮೊದಲ ತಿಂಗಳುಗಳಲ್ಲಿ ಬಹುಪಾಲು ಅರ್ಜಿಗಳು ತಿರಸ್ಕೃತವಾದವು. ಮನೆ, ಕೆಲಸ, ಊರು ಮೂರೂ ಹೋದವನ ಸಾಲ ತೀರಿಸುವ ಶಕ್ತಿಯನ್ನು ಯಾವ ಅಧಿಕಾರಿ ತಾನೇ ಹೇಗೆ ಅಳೆದಾನು!

ಒಡ್ಡು ಒಡೆದದ್ದು ಯಾರ ತಪ್ಪು ಎಂಬ ಪ್ರಶ್ನೆಯೂ ಇತ್ತು. ಆ ಗೋಡೆಗಳನ್ನು ವಿನ್ಯಾಸ ಮಾಡಿ ಕಟ್ಟಿದ್ದು ಸೇನೆಯ ಎಂಜಿನಿಯರುಗಳ ದಳ. ವಿನ್ಯಾಸದಲ್ಲೇ ದೋಷವಿತ್ತು ಎಂದು 2006ರ ಜೂನ್‌ನಲ್ಲಿ ಆ ದಳದ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಕಾರ್ಲ್ ಸ್ಟ್ರಾಕ್ ಬಹಿರಂಗವಾಗಿ ಒಪ್ಪಿಕೊಂಡರು. ಆದರೂ ಪರಿಹಾರ ಕೇಳಿ ಕೋರ್ಟಿಗೆ ಹೋದವರಿಗೆ 2008ರ ಜನವರಿಯಲ್ಲಿ ನ್ಯಾಯಾಧೀಶ ಸ್ಟಾನ್‌ವುಡ್ ಡುವಾಲ್ ಬರಿಗೈ ತೋರಿಸಬೇಕಾಯಿತು. ಪ್ರವಾಹ ತಡೆಯುವ ಕಾಮಗಾರಿಯಿಂದ ಆದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂದು 1928ರ ಕಾಯ್ದೆ ಹೇಳುತ್ತದೆ. ದಳದ ತಪ್ಪನ್ನು ತೀರ್ಪಿನಲ್ಲಿ ಕಟುವಾಗಿ ಎತ್ತಿ ಆಡಿಯೂ ಅವರು ದಾವೆ ವಜಾ ಮಾಡಿದರು. ಹೀಗಾಗಿ ನ್ಯಾಯಾಲಯದ ಬಾಗಿಲೂ ಮುಚ್ಚಿತು. ಉಳಿದದ್ದು ಸರ್ಕಾರ ತಾನಾಗಿ ಕೊಡುವ ಸಹಾಯಧನ ಒಂದೇ.

ಅದನ್ನು ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂಬುದು ವಾಷಿಂಗ್ಟನ್ನಿನ ಜಗ್ಗಾಟವಾಯಿತು. ಲೂಯಿಸಿಯಾನಾದ ಸಂಸದ ರಿಚರ್ಡ್ ಬೇಕರ್ ಒಂದು ದಿಟ್ಟ ಮಸೂದೆ ತಂದಿದ್ದರು. ಕೇಂದ್ರ ಒಂದು ನಿಗಮ ಮಾಡಿ, ಹಾಳಾದ ಮನೆ ಬೇಡ ಎನ್ನುವವರಿಂದ ಅವನ್ನು ಕೊಂಡು, ಬ್ಯಾಂಕಿನ ಬಾಕಿಯನ್ನೂ ಇತ್ಯರ್ಥ ಮಾಡಿ, ಬಡಾವಣೆಗಳನ್ನು ಒಟ್ಟಾಗಿ ಕಟ್ಟಿಸಲಿ ಎಂಬುದು ಅದರ ತಿರುಳು. ಬೇಕರ್ ಅಧ್ಯಕ್ಷ ಬುಷ್ ಅವರ ಪಕ್ಷದವರೇ. 2006ರ ಜನವರಿಯಲ್ಲಿ ಶ್ವೇತಭವನ ಆ ಮಸೂದೆಯನ್ನು ಬೇಡವೆಂದಿತು. ಬದಲಿಗೆ ಬಂದದ್ದು ಊರಿನ ಬಡಾವಣೆ ಅಭಿವೃದ್ಧಿಗೆಂದು 1974ರಿಂದ ಇದ್ದ ಒಂದು ಇಡಿಗಂಟಿನ ಅನುದಾನ. ಹಿಂದಿನ ತಿಂಗಳೇ, 2005ರ ಡಿಸೆಂಬರಿನಲ್ಲಿ, ಸಂಸತ್ತು ಅದಕ್ಕೆ 1,150 ಕೋಟಿ ಡಾಲರ್ ಮಂಜೂರು ಮಾಡಿ, ಯಾವ ರಾಜ್ಯಕ್ಕೂ ಶೇ 54ಕ್ಕಿಂತ ಹೆಚ್ಚು ಕೊಡಬಾರದೆಂದು ಷರತ್ತು ಹಾಕಿತು. ಮನೆಗಳ ಹಾನಿಯಲ್ಲಿ ಬಹುಪಾಲು ಹೊತ್ತಿದ್ದ ಲೂಯಿಸಿಯಾನಾಕ್ಕೆ ದಕ್ಕಿದ್ದು 620 ಕೋಟಿ. ನೆರೆಯ ಮಿಸಿಸಿಪಿಗೆ 500 ಕೋಟಿಗೂ ಹೆಚ್ಚು. ಮಿಸಿಸಿಪಿಯ ಗವರ್ನರ್ ಹೇಲಿ ಬಾರ್ಬರ್ ಹಿಂದೆ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಿದ್ದವರು, ಅದೇ ರಾಜ್ಯದ ಸೆನೆಟರ್ ಥ್ಯಾಡ್ ಕಾಕ್ರನ್ ಆಗ ಖಜಾನೆಯ ಕೀಲಿ ಹಿಡಿದ ಸಮಿತಿಯ ಮುಖ್ಯಸ್ಥರು. ಇಷ್ಟು ಹೇಳಿದರೆ ಸಾಕು. ಲೂಯಿಸಿಯಾನಾ ಗೋಗರೆದ ಮೇಲೆ 2006ರ ಜೂನ್‌ನಲ್ಲಿ ಇನ್ನೂ 420 ಕೋಟಿ ಬಂತು.

ಹಣ ಬಂತು, ಯೋಜನೆ ಬೇಕಿತ್ತು. ಗವರ್ನರ್ ಕ್ಯಾಥ್ಲೀನ್ ಬ್ಲಾಂಕೊ ರಚಿಸಿದ್ದ ಪುನರ್‌ನಿರ್ಮಾಣ ಪ್ರಾಧಿಕಾರ ಅದನ್ನು ರೂಪಿಸಿತು. ಪ್ರಾಧಿಕಾರದ ಅಧ್ಯಕ್ಷರು ಝೇವಿಯರ್ ವಿಶ್ವವಿದ್ಯಾಲಯದ ನಾರ್ಮನ್ ಫ್ರಾನ್ಸಿಸ್, ಉಪಾಧ್ಯಕ್ಷರು ಜೀವನಚರಿತ್ರೆಗಳಿಂದ ಹೆಸರಾದ ವಾಲ್ಟರ್ ಐಸಾಕ್ಸನ್. ಯೋಜನೆಗೆ ರೋಡ್ ಹೋಮ್ ಎಂದು ಹೆಸರಿಟ್ಟರು. ಮನೆಯೊಂದಕ್ಕೆ ಗರಿಷ್ಠ ಒಂದೂವರೆ ಲಕ್ಷ ಡಾಲರ್. ಅಲ್ಲೇ ಉಳಿದು ಕಟ್ಟಿಕೊಳ್ಳಬಹುದು, ರಾಜ್ಯಕ್ಕೆ ಮಾರಿ ಬೇರೆ ಕಡೆ ಮನೆ ಮಾಡಬಹುದು. ಮಾರಿ ರಾಜ್ಯವನ್ನೇ ಬಿಟ್ಟು ಹೋಗುವವರಿಗೆ ಶೇ 40 ಕಡಿತ. ಪ್ರವಾಹ ವಲಯದಲ್ಲಿದ್ದೂ ವಿಮೆ ಮಾಡಿಸದವರಿಗೆ ಶೇ 30 ದಂಡ. ಹಣ ಪಡೆದವರು ಮೂರು ವರ್ಷ ಅಲ್ಲೇ ವಾಸವಿರಬೇಕು, ವಿಮೆ ಮಾಡಿಸಬೇಕು. ಕಾಗದದ ಮೇಲೆ ಉದಾರವಾದ ಯೋಜನೆಯೇ. ಅಮೆರಿಕದ ಇತಿಹಾಸದಲ್ಲಿ ಮನೆ ಮಾಲೀಕರಿಗಾಗಿ ಇಷ್ಟು ದೊಡ್ಡ ನೆರವಿನ ಯೋಜನೆ ಅದುವರೆಗೆ ಆಗಿರಲಿಲ್ಲ.

ಎಡವಟ್ಟು ಸೂತ್ರದಲ್ಲಿತ್ತು. ಅನುದಾನ ಎಷ್ಟೆಂದು ನಿರ್ಧರಿಸಲು ಎರಡು ಅಂಕಿ ನೋಡುತ್ತಿದ್ದರು: ಚಂಡಮಾರುತಕ್ಕೆ ಮೊದಲು ಆ ಮನೆಯ ಮಾರುಕಟ್ಟೆ ಬೆಲೆ, ಈಗ ರಿಪೇರಿಗೆ ಬೇಕಾದ ಖರ್ಚು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿದು, ವಿಮೆ ಮತ್ತು ಫೀಮಾದಿಂದ ಬಂದದ್ದನ್ನು ಕಳೆದು ಉಳಿದದ್ದನ್ನು ಕೊಡುವುದು. ಮನೆಯ ಬೆಲೆಗಿಂತ ಹೆಚ್ಚು ಹಣ ಯಾರಿಗೂ ಹೋಗಬಾರದು ಎಂಬ ಲೆಕ್ಕಿಗನ ಎಚ್ಚರಿಕೆ ಇದು. ಕೇಳಲು ನ್ಯಾಯವಾಗಿಯೇ ಇದೆ.

ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದೇ ಅಳತೆ, ಒಂದೇ ಕಾಲದಲ್ಲಿ ಕಟ್ಟಿದ್ದು, ಎರಡಕ್ಕೂ ರಿಪೇರಿ ಖರ್ಚು 1,40,000 ಡಾಲರ್, ಎರಡಕ್ಕೂ ವಿಮೆಯಿಂದಾಗಲಿ ಫೀಮಾದಿಂದಾಗಲಿ ಹಣ ಬಂದಿಲ್ಲ. ಒಂದು ಬಿಳಿಯರ ಬಡಾವಣೆಯಲ್ಲಿದೆ, ಮಾರಿದರೆ 2 ಲಕ್ಷ ಬರುತ್ತಿತ್ತು. ಅದರ ಮಾಲೀಕನಿಗೆ 1,40,000 ಪೂರ್ತಿ ಸಿಗುತ್ತದೆ. ಇನ್ನೊಂದು ಕಪ್ಪು ಜನರ ಬಡಾವಣೆಯಲ್ಲಿದೆ, ಅದಕ್ಕೆ 60,000ಕ್ಕಿಂತ ಹೆಚ್ಚು ಕೊಡುವವರಿರಲಿಲ್ಲ. ಅದರ ಮಾಲೀಕನಿಗೆ 60,000. ಮೊಳೆ, ಹಲಗೆ, ಮೇಸ್ತ್ರಿಯ ಕೂಲಿ ಮಾತ್ರ ಬಡಾವಣೆ ನೋಡಿ ಕಡಿಮೆಯಾಗುವುದಿಲ್ಲ. ಉಳಿದ 80,000ವನ್ನು ಆತ ತರುವುದು ಎಲ್ಲಿಂದ?

ಆ ಬೆಲೆ ಕಡಿಮೆಯಾದದ್ದು ತಾನಾಗಿ ಅಲ್ಲ. 1930ರ ದಶಕದಿಂದ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಗಳು ನಕ್ಷೆ ಹಿಡಿದು, ಕಪ್ಪು ಜನರಿರುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಅಪಾಯ ಎಂದು ಬರೆದಿದ್ದವು. ಸಾಲ ಸಿಗದ ಕಡೆ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲದ ಕಡೆ ಬೆಲೆ ಏರುವುದಿಲ್ಲ. ಅಂದರೆ ಸರ್ಕಾರದ ಒಂದು ಕೈ ಎಪ್ಪತ್ತು ವರ್ಷದ ಹಿಂದೆ ಇಳಿಸಿದ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ಇನ್ನೊಂದು ಕೈ ಈಗ ನೆರವು ಅಳೆಯಿತು. ಸೂತ್ರದಲ್ಲಿ ಬಣ್ಣದ ಮಾತೇ ಇರಲಿಲ್ಲ. ಬರೆದವರಲ್ಲಿ ದುರುದ್ದೇಶವಿತ್ತೆಂದು ನನಗೆ ಅನ್ನಿಸುವುದಿಲ್ಲ. ಪ್ರಾಧಿಕಾರದ ತಲೆಯ ಮೇಲೆ ಕಪ್ಪು ಜನಾಂಗದ ಗೌರವಾನ್ವಿತ ವಿದ್ವಾಂಸರೇ ಕುಳಿತಿದ್ದರು. ಹಾಗಿದ್ದೂ ಹೀಗಾಯಿತು.

ಲೋಯರ್ ನೈಂತ್ ವಾರ್ಡಿನ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಬಡವರ ಬಡಾವಣೆ ನಿಜ, ಆದರೆ 2000ದ ಜನಗಣತಿಯಂತೆ ಅಲ್ಲಿನ ಮನೆಗಳಲ್ಲಿ ಶೇ 59ರಲ್ಲಿ ಮಾಲೀಕರೇ ಇದ್ದರು. ನಗರದ ಸರಾಸರಿಗಿಂತ ಹೆಚ್ಚು. ಬಂದರಿನಲ್ಲಿ, ರೈಲ್ವೆಯಲ್ಲಿ ದುಡಿದ ಅಜ್ಜ ಕಟ್ಟಿಸಿದ ಮನೆ, ಸಾಲ ತೀರಿ ಎಷ್ಟೋ ಕಾಲವಾದದ್ದು. ಸಾಲವಿಲ್ಲದ ಮನೆಗೆ ಪ್ರವಾಹ ವಿಮೆ ಮಾಡಿಸಿ ಎಂದು ಒತ್ತಾಯಿಸುವ ಬ್ಯಾಂಕೂ ಇರುವುದಿಲ್ಲ. ಋಣವಿಲ್ಲದೆ ಬದುಕಿದ್ದೇ ಇಲ್ಲಿ ಮುಳುವಾಯಿತು.

ಕಾಗದಪತ್ರದ ಕಥೆ ಇನ್ನೂ ದೊಡ್ಡದು. ಫ್ರೆಂಚರ ಕಾಲದ ಸಂಹಿತೆಯನ್ನು ಅನುಸರಿಸುವ ಲೂಯಿಸಿಯಾನಾದಲ್ಲಿ ಅಪ್ಪ ಅಮ್ಮ ಸತ್ತರೆ ಮನೆ ಎಲ್ಲ ಮಕ್ಕಳಿಗೂ ಜಂಟಿಯಾಗಿ ಇಳಿಯುತ್ತದೆ. ಅದನ್ನು ಕೋರ್ಟಿನಲ್ಲಿ ದಾಖಲು ಮಾಡಿಸಲು ವಕೀಲರಿಗೆ ದುಡ್ಡು ಕೊಡಬೇಕು, ಆದ್ದರಿಂದ ಯಾರೂ ಮಾಡಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಪೌತಿ ಖಾತೆಯಾಗದೆ ತಾತನ ಹೆಸರಿನಲ್ಲೇ ಪಹಣಿ ಬರುತ್ತಿರುವಂತೆ, ಅಲ್ಲೂ ಸಾವಿರಾರು ಮನೆಗಳು ಸತ್ತವರ ಹೆಸರಿನಲ್ಲೇ ಇದ್ದವು. ಮೂವತ್ತು ವರ್ಷದಿಂದ ಅಲ್ಲೇ ಇದ್ದು ತೆರಿಗೆ ಕಟ್ಟುತ್ತಿದ್ದ ಮಗಳು ರೋಡ್ ಹೋಮ್ ಕಚೇರಿಗೆ ಹೋದರೆ, ಹಕ್ಕುಪತ್ರ ಎಲ್ಲಿ ಎಂಬ ಪ್ರಶ್ನೆ. ಷಿಕಾಗೋದಲ್ಲಿರುವ ಅಣ್ಣ, ಲಾಸ್ ಏಂಜಲೀಸಿನಲ್ಲಿರುವ ಚಿಕ್ಕಪ್ಪನ ಮಕ್ಕಳು, ಎಲ್ಲಿದ್ದಾರೋ ಗೊತ್ತಿಲ್ಲದ ಇನ್ನಿಬ್ಬರು, ಎಲ್ಲರೂ ಸಹಿ ಹಾಕಬೇಕು. ಪುಕ್ಕಟೆ ಕೆಲಸ ಮಾಡುವ ಕಾನೂನು ನೆರವಿನ ವಕೀಲರು ವರ್ಷಗಟ್ಟಲೆ ಇದರಲ್ಲೇ ಮುಳುಗಿದರು.

ಯೋಜನೆ ನಡೆಸುವ ಗುತ್ತಿಗೆ ಸಿಕ್ಕಿದ್ದು ವರ್ಜೀನಿಯಾದ ಐಸಿಎಫ್ ಎಂಬ ಕಂಪನಿಗೆ, 75.6 ಕೋಟಿ ಡಾಲರಿಗೆ. ಗುತ್ತಿಗೆ ಸಿಕ್ಕ ಕೆಲವೇ ತಿಂಗಳಲ್ಲಿ ಆ ಕಂಪನಿ ಷೇರು ಮಾರುಕಟ್ಟೆಗೆ ಇಳಿಯಿತು. ವಂಚನೆ ತಡೆಯಬೇಕೆಂದು ಅರ್ಜಿದಾರರ ಬೆರಳಚ್ಚು ತೆಗೆದುಕೊಂಡು ಫೋಟೊ ಹಿಡಿದರು. ಮನೆ ಕಳೆದುಕೊಂಡು ನೆರವು ಕೇಳಲು ಬಂದವರನ್ನು ಠಾಣೆಗೆ ಬಂದ ಆರೋಪಿಗಳಂತೆ ನಡೆಸಿಕೊಂಡ ಬಗ್ಗೆ ಆಗಲೇ ದೊಡ್ಡ ಗದ್ದಲವೆದ್ದಿತು. ಫೈಲುಗಳು ಕಳೆದವು, ಕೊಟ್ಟ ದಾಖಲೆಗಳನ್ನೇ ಮತ್ತೆ ಕೇಳಿದರು, ಮನೆಯ ಬೆಲೆಯನ್ನು ಒಂದೊಂದು ಸಲ ಒಂದೊಂದು ರೀತಿ ಹೇಳಿದರು. 2006ರ ಕೊನೆಯ ಹೊತ್ತಿಗೆ ಅರ್ಜಿ ಹಾಕಿದವರು ಸುಮಾರು 90,000. ಹಣ ಕೈಗೆ ಬಂದವರ ಸಂಖ್ಯೆ ಮುನ್ನೂರನ್ನೂ ಮುಟ್ಟಿರಲಿಲ್ಲ. ಗುತ್ತಿಗೆ ರದ್ದು ಮಾಡಿ ಎಂದು ರಾಜ್ಯದ ಶಾಸಕರು ನಿರ್ಣಯ ಮಾಡಿದರು. 2007ರ ಮಾರ್ಚ್‌ನಲ್ಲಿ ಬ್ಲಾಂಕೊ ತಾವು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದರು. ಅವರ ರಾಜಕೀಯ ಜೀವನವನ್ನು ಮುಗಿಸಿದ್ದು ಕತ್ರೀನಾ ಮಾತ್ರವಲ್ಲ, ರೋಡ್ ಹೋಮ್ ಕೂಡ.

ಅದೇ ಮಾರ್ಚ್‌ನಲ್ಲಿ ಕೇಂದ್ರದ ವಸತಿ ಇಲಾಖೆ ಇನ್ನೊಂದು ಕೊಕ್ಕೆ ಹಾಕಿತು. ಕೆಲಸ ನಡೆದಂತೆಲ್ಲ ಕಂತಿನಲ್ಲಿ ಹಣ ಬಿಡುವುದು ರಾಜ್ಯದ ಕ್ರಮವಾಗಿತ್ತು. ಹಾಗೆ ಕೊಟ್ಟರೆ ಅದು ರಿಪೇರಿ ಕಾರ್ಯಕ್ರಮವಾಗುತ್ತದೆ, ಪ್ರತಿ ಮನೆಗೂ ಪರಿಸರ ತಪಾಸಣೆ ಆಗಬೇಕಾಗುತ್ತದೆ ಎಂದಿತು ಇಲಾಖೆ. ನಷ್ಟಪರಿಹಾರವೆಂದು ಒಂದೇ ಗಂಟಿನಲ್ಲಿ ಕೊಟ್ಟರೆ ಆ ರಗಳೆ ಇಲ್ಲ. ರಾಜ್ಯ ಒಂದೇ ಗಂಟಿಗೆ ಒಪ್ಪಿತು. ಹಣ ಬೇಗ ಹೋಗತೊಡಗಿತು, ಮೇಲ್ವಿಚಾರಣೆ ಹೋಯಿತು. ಮುಂಗಡ ಪಡೆದು ನಾಪತ್ತೆಯಾದ ಗುತ್ತಿಗೆದಾರರ ಕಥೆ ಊರಿನ ಪ್ರತಿ ಬೀದಿಯಲ್ಲೂ ಇದೆ. ಕಷ್ಟಪಟ್ಟು ಗೋಡೆ ಎಬ್ಬಿಸಿದ ಎಷ್ಟೋ ಮನೆಗಳಿಗೆ ಆಗ ಕೊರತೆ ತುಂಬಲು ಆಮದಾಗಿದ್ದ ಚೀನೀ ಗೋಡೆಹಲಗೆ ಹಾಕಿದ್ದರು. ಅದರಿಂದ ಗಂಧಕದ ಅನಿಲ ಹೊರಟು ತಾಮ್ರದ ವೈರು, ಏಸಿಯ ಕೊಳವೆ ಎಲ್ಲ ಕಪ್ಪಾಗಿ ತಿಂದುಹೋದವು. ಅಂಥ ಮನೆಯ ಗೋಡೆಗಳನ್ನು ಇನ್ನೊಮ್ಮೆ ಕಿತ್ತುಹಾಕಬೇಕಾಯಿತು.

ಇಷ್ಟರಲ್ಲಿ ಹಣ ಸಾಲದೆಂದು ಗೊತ್ತಾಯಿತು. ಮೊದಲು 750 ಕೋಟಿ ಸಾಕೆಂದು ಅಂದಾಜು ಮಾಡಿದ್ದರು. 2007ರ ನವೆಂಬರಿನಲ್ಲಿ ಸಂಸತ್ತು ಇನ್ನೂ 300 ಕೋಟಿ ಕೊಡಬೇಕಾಯಿತು. ಕೊನೆಗೆ ಸುಮಾರು 1,30,000 ಮಾಲೀಕರಿಗೆ 900 ಕೋಟಿ ಡಾಲರ್‌ನಷ್ಟು ಹಂಚಿಕೆಯಾಯಿತು. ಮಿಸಿಸಿಪಿ ಬೇಗ ಹಂಚಿತು, ಏಕೆಂದರೆ ಅದು ಮೊದಲು ವಿಮೆ ಇದ್ದವರನ್ನೇ ಆರಿಸಿಕೊಂಡಿತು. ಉಳಿದ ಹಣದಲ್ಲಿ 57 ಕೋಟಿಯಷ್ಟನ್ನು ಗಲ್ಫ್‌ಪೋರ್ಟ್ ಬಂದರಿನ ವಿಸ್ತರಣೆಗೆ ತಿರುಗಿಸಿತು. ಬಡವರ ಮನೆಗಳ ಪರವಾಗಿ ಕೆಲವರು ದಾವೆ ಹೂಡಿದ ಮೇಲೆ 2010ರಲ್ಲಿ 13.2 ಕೋಟಿ ಮನೆಗಳಿಗೆ ಮರಳಿತು. ವೇಗದ ಗುಟ್ಟು ಅಷ್ಟೇ.

ಲೂಯಿಸಿಯಾನಾದ ಸೂತ್ರವೂ ಕೋರ್ಟು ಹತ್ತಿತು. 2008ರ ನವೆಂಬರಿನಲ್ಲಿ ಗ್ರೇಟರ್ ನ್ಯೂ ಆರ್ಲಿಯನ್ಸ್‌ನ ನ್ಯಾಯಯುತ ವಸತಿ ಕೇಂದ್ರ, ರಾಷ್ಟ್ರೀಯ ನ್ಯಾಯಯುತ ವಸತಿ ಒಕ್ಕೂಟ ಮತ್ತು ಐವರು ಕಪ್ಪು ಮನೆ ಮಾಲೀಕರು ವಾಷಿಂಗ್ಟನ್ನಿನಲ್ಲಿ ದಾವೆ ಹಾಕಿದರು. ಮಾರುಕಟ್ಟೆ ಬೆಲೆ ಹಿಡಿದು ನೆರವು ಅಳೆಯುವುದು ಕಪ್ಪು ಜನರಿಗೆ ಅನ್ಯಾಯ ಎಂಬುದು ಅವರ ವಾದ. 2010ರಲ್ಲಿ ನ್ಯಾಯಾಧೀಶ ಹೆನ್ರಿ ಕೆನೆಡಿ ಈ ವಾದದಲ್ಲಿ ಹುರುಳಿದೆ ಎಂದರು, ಆದರೆ ಈಗಾಗಲೇ ಹಂಚಿದ್ದನ್ನು ಸರಿಪಡಿಸಲು ತಮಗೆ ಅಧಿಕಾರವಿಲ್ಲವೆಂದರು. ವಾದದಲ್ಲಿ ಹುರುಳಿದೆ ಎಂಬುದನ್ನೂ ಮೇಲಿನ ನ್ಯಾಯಾಲಯ ಒಪ್ಪಲಿಲ್ಲ. ಹಾಗಿದ್ದರೂ ದಾವೆ ವ್ಯರ್ಥವಾಗಲಿಲ್ಲ. ಕಡಿಮೆ ಆದಾಯದವರಿಗೆಂದು ಇದ್ದ ಪೂರಕ ಅನುದಾನದ 50,000 ಡಾಲರಿನ ಮಿತಿಯನ್ನು ಸರ್ಕಾರ ತೆಗೆಯಿತು. ಅದರಿಂದ 13,000ಕ್ಕೂ ಹೆಚ್ಚು ಕುಟುಂಬಗಳಿಗೆ 47.3 ಕೋಟಿ ಡಾಲರ್ ಹೆಚ್ಚುವರಿಯಾಗಿ ಹೋಯಿತು. 2011ರ ಜುಲೈನಲ್ಲಿ ರಾಜಿಯಾಗಿ, ಇನ್ನೂ ಮನೆ ಪೂರ್ತಿಯಾಗದ ಸುಮಾರು 1,300 ಮಾಲೀಕರಿಗೆ 6.2 ಕೋಟಿ ಸಿಕ್ಕಿತು. ಒಪ್ಪಂದದಲ್ಲಿ ಯಾರೂ ತಪ್ಪು ಮಾಡಿದೆವೆಂದು ಬರೆದುಕೊಡಲಿಲ್ಲ.

ಈ ಕಥೆಯಲ್ಲಿ ನನಗೆ ಅತ್ಯಂತ ಅಸಹ್ಯವೆನಿಸುವ ಭಾಗ ಆಮೇಲಿನದು. ಮುಂದಿನ ಪ್ರವಾಹಕ್ಕೆ ಮನೆ ಮುಳುಗದಿರಲೆಂದು, ಇಡೀ ಮನೆಯನ್ನು ಜಾಕಿ ಹಾಕಿ ಎತ್ತಿ ಎತ್ತರದ ಕಂಬಗಳ ಮೇಲೆ ಕೂರಿಸಲು ರೋಡ್ ಹೋಮ್ 30,000 ಡಾಲರ್ ಪ್ರತ್ಯೇಕವಾಗಿ ಕೊಡುತ್ತಿತ್ತು. ಆ ಹಣದಲ್ಲಿ ಮನೆ ಎತ್ತುವುದು ಬಹಳ ಜನಕ್ಕೆ ಸಾಧ್ಯವಿರಲಿಲ್ಲ, ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು. ಇತ್ತ ಮೂಲ ಅನುದಾನ ಸಾಲದೆ ಮನೆ ಅರ್ಧಕ್ಕೆ ನಿಂತಿದೆ. ಜನ ಆ ಹಣವನ್ನೂ ಗೋಡೆಗೆ, ನೆಲಕ್ಕೆ ಹಾಕಿದರು. ಹಾಗೆ ಮಾಡಬಹುದೆಂದು ಯೋಜನೆಯ ಸಿಬ್ಬಂದಿಯೇ ಹೇಳಿದ್ದರೆಂದು ಹಲವರು ನಂತರ ಹೇಳಿದರು. 2013ರಲ್ಲಿ ವಸತಿ ಇಲಾಖೆಯ ಲೆಕ್ಕ ತಪಾಸಕರು ಬಂದು, ಸುಮಾರು 24,000 ಮಾಲೀಕರು ಮನೆ ಎತ್ತಿದ್ದಕ್ಕೆ ಸಾಕ್ಷ್ಯವಿಲ್ಲ, ಬಾಕಿ 70 ಕೋಟಿ ಡಾಲರ್ ಎಂದು ಬರೆದರು. ರಿಪೇರಿಗೆ ಹಾಕಿದ್ದರೆ ರಸೀದಿ ತೋರಿಸಿ ಎಂಬ ರಿಯಾಯಿತಿ ಆಮೇಲೆ ಬಂತು. ಅಷ್ಟು ವರ್ಷದ ಹಿಂದೆ ಮೇಸ್ತ್ರಿಗೆ ಕೊಟ್ಟ ದುಡ್ಡಿಗೆ, ಅಂಗಡಿಯಿಂದ ತಂದ ಹಲಗೆಗೆ ರಸೀದಿ ಯಾರು ಇಟ್ಟಿರುತ್ತಾರೆ? ಕೇಂದ್ರ ರಾಜ್ಯವನ್ನು ಕೇಳಿತು, ರಾಜ್ಯ ವಕೀಲರನ್ನು ನೇಮಿಸಿ ಸುಮಾರು 3,500 ಮನೆ ಮಾಲೀಕರ ಮೇಲೆ ದಾವೆ ಹೂಡಿತು. ಬೂಷ್ಟು ಕೆರೆದು ಮನೆ ಎಬ್ಬಿಸಿ ಅದರಲ್ಲೇ ಮುಪ್ಪಾದವರ ಬಾಗಿಲಿಗೆ ಸರ್ಕಾರದ ನೋಟಿಸು ಬಂತು.

2022ರಲ್ಲಿ ಪ್ರೊಪಬ್ಲಿಕಾ ಸಂಸ್ಥೆಯ ಪತ್ರಕರ್ತರು ನ್ಯೂ ಆರ್ಲಿಯನ್ಸಿನ ಪತ್ರಿಕೆ ಮತ್ತು ಟಿವಿಯವರ ಜೊತೆ ಸೇರಿ ಈ ದಾವೆಗಳನ್ನೂ ಹಳೆಯ ಸೂತ್ರವನ್ನೂ ಒಟ್ಟಿಗೆ ತನಿಖೆ ಮಾಡಿದರು. ಎಲ್ಲ ನೆರವು ಸೇರಿಸಿದ ಮೇಲೂ ನಗರದ ಅತಿ ಬಡ ಪ್ರದೇಶಗಳವರು ಮನೆ ಕಟ್ಟುವ ಖರ್ಚಿನಲ್ಲಿ ಶೇ 30ನ್ನು ತಾವೇ ಭರಿಸಬೇಕಾಗಿ ಬಂದಿತ್ತು, ಅತಿ ಶ್ರೀಮಂತ ಪ್ರದೇಶಗಳವರು ಶೇ 20ನ್ನು. ಬೆನ್ನಿಗೇ, 2023ರ ಫೆಬ್ರವರಿಯಲ್ಲಿ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಮತ್ತು ಕೇಂದ್ರದ ವಸತಿ ಕಾರ್ಯದರ್ಶಿ ಮಾರ್ಷಾ ಫಜ್ ದಾವೆಗಳನ್ನು ಕೈಬಿಡುವುದಾಗಿ ಘೋಷಿಸಿ ರೋಡ್ ಹೋಮ್ ಕಡತ ಮುಚ್ಚಿದರು. ಅಷ್ಟರಲ್ಲಿ ಕೆಲವರು ಸಾಲ ಮಾಡಿ ಹಣ ಕಟ್ಟಿಯಾಗಿತ್ತು.

ನ್ಯೂ ಆರ್ಲಿಯನ್ಸಿನ ಜನಸಂಖ್ಯೆ 2000ದಲ್ಲಿ 4,84,674 ಇತ್ತು, 2010ರಲ್ಲಿ 3,43,829ಕ್ಕೆ ಇಳಿದಿತ್ತು. ಬಾಡಿಗೆದಾರರಿಗೆ ರೋಡ್ ಹೋಮ್‌ನಲ್ಲಿ ನೇರ ಪಾಲೇ ಇರಲಿಲ್ಲ, ಆ ಲೆಕ್ಕ ಬೇರೆಯೇ ಬರೆಯಬೇಕು.

ಕಲಿತದ್ದೂ ಇದೆ. 2016ರ ಪ್ರವಾಹದ ನಂತರ ಅದೇ ಲೂಯಿಸಿಯಾನಾ ರಾಜ್ಯ ರೀಸ್ಟೋರ್ ಲೂಯಿಸಿಯಾನಾ ಎಂಬ ಯೋಜನೆ ತಂದಾಗ ಮನೆಯ ಮಾರುಕಟ್ಟೆ ಬೆಲೆಯನ್ನು ಕೇಳಲಿಲ್ಲ, ರಿಪೇರಿಗೆ ಎಷ್ಟು ಬೇಕೆಂದು ನೋಡಿತು. ಸರ್ಕಾರದ ಸಾಲ ಪಡೆದವರ ಅನುದಾನದಿಂದ ಆ ಸಾಲವನ್ನು ಮುರಿದುಕೊಳ್ಳುವ ಕ್ರಮವನ್ನು ಸಡಿಲಿಸುವ ತಿದ್ದುಪಡಿ 2018ರಲ್ಲಿ ಬಂತು. ಇಷ್ಟಾದರೂ, ಬೆಟ್ಸಿ ಬಂದು ಅರವತ್ತು ವರ್ಷ ಕಳೆಯುತ್ತ ಬಂದಾಗಲೂ, ಮನೆ ಮಾಲೀಕರಿಗೆ ಹೋಗುವ ಈ ದೊಡ್ಡ ಅನುದಾನಕ್ಕೆ ಅಮೆರಿಕದಲ್ಲಿ ಶಾಶ್ವತ ಕಾಯ್ದೆಯೊಂದಿರಲಿಲ್ಲ. ಅದಕ್ಕೆಂದು ತಂದ ಮಸೂದೆಗಳು ದಡ ಮುಟ್ಟಲಿಲ್ಲ. ಪ್ರತಿ ಚಂಡಮಾರುತದ ನಂತರವೂ ಸಂಸತ್ತು ಹೊಸದಾಗಿ ಹಣ ಮಂಜೂರು ಮಾಡಬೇಕಿತ್ತು, ಇಲಾಖೆ ಹೊಸದಾಗಿ ನಿಯಮ ಬರೆಯಬೇಕಿತ್ತು, ರಾಜ್ಯ ಹೊಸದಾಗಿ ಗುತ್ತಿಗೆದಾರನನ್ನು ಹುಡುಕಬೇಕಿತ್ತು.